ನಿತ್ಯಕಾಯಕದ ಸೃಷ್ಟಿಯೂ ಸತ್ಸಂಗವೂ

ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹ ಎಂಬ ಪಂಚಕೃತ್ಯಗಳು ಪರಶಿವನಿಗೆ ಸೇರಿದವೆಂದು ಶೈವಾಗಮಗಳು ಸಾರುತ್ತವೆ. ಸೃಷ್ಟಿಯು ಶಿವನ ಕೃತ್ಯವಾದ ಮೇಲೆ ಮನುಷ್ಯನು ತಾನೊಂದು ಹೊಸದನ್ನು ಮಾಡಿದೆನೆಂದು ಹೇಳಿಕೊಳ್ಳುವುದು ಯುಕ್ತವೇ? ಯುಕ್ತವೆನ್ನುವುದಾದರೆ, ಆ ಶಕ್ತಿಯು ಎಲ್ಲರಲ್ಲಿಯೂ ಉಂಟೋ, ಅಥವಾ ಕವಿ, ಶಿಲ್ಪಿ, ಗಾಯಕರೆಂಬ ಕೆಲವೇ ಮಂದಿಯ ಸೊತ್ತೋ? ಎಲ್ಲರಲ್ಲಿಯೂ ಉಂಟೆಂದಾದರೆ ಬಹುಮಂದಿಯ ಬಾಳಿನಲ್ಲಿ ಅದು ಕಾಣಿಸಿಕೊಳ್ಳದೆ ಹೋಗುವುದೇಕೆ? ಈ ಮೂರು ಪ್ರಶ್ನೆಗಳನ್ನು ಕುರಿತು ಸದ್ಭಕ್ತರಾದ ಓದುಗರು ನಮ್ಮೊಡನೆ ಕೆಲಹೊತ್ತು ವಿಚಾರ ಮಾಡಬೇಕೆಂದು ಕೋರುತ್ತೇವೆ.

ಮೊದಲನೆಯ ಪ್ರಶ್ನೆಗೆ ಉತ್ತರವು ನಮ್ಮ ತತ್ತ್ವಶಾಸ್ತ್ರದಲ್ಲಿಯೇ ಇದೆ. ಮೂವತ್ತಾರು ತತ್ತ್ವಗಳ ಗಣನೆಯಲ್ಲಿ 'ಕಲಾ' ಎಂಬುದೊಂದು ತತ್ತ್ವವುಂಟು. ಶಿವನಲ್ಲಿ ಸರ್ವಕರ್ತೃತ್ವವಾಗಿರುವ ಶಕ್ತಿಯು ಸಂಕೋಚಗೊಂಡು ಜೀವನಲ್ಲಿ ಕಿಂಚಿತ್ಕರ್ತೃತ್ವವಾಗಿ ನಿಲ್ಲುವುದಕ್ಕೆ ಆ ಹೆಸರು. ಸಂಗೀತ ಚಿತ್ರಗಳಿಗೆ ನಾವು 'ಕಲೆ' ಎನ್ನುವ ರೂಢಿಯ ಅರ್ಥವೇ ಬೇರೆ. ಆದರೂ ಎರಡಕ್ಕೂ ಒಂದೇ ಶಬ್ದವಿರುವುದು ಚಿಂತನೆಗೆ ಎಡೆಮಾಡಿಕೊಡುತ್ತದೆ. 'ಕಿಂಚಿತ್' ಎಂಬುದನ್ನು ಬಂಧನದ ಕುರುಹೆಂದು ಸಾಮಾನ್ಯವಾಗಿ ವ್ಯಾಖ್ಯಾನಿಸುತ್ತಾರೆ. ಅದು ನಿಜ. ಆದರೆ ಕಿಂಚಿತ್ತಾದರೂ ಕರ್ತೃತ್ವವು ಜೀವನಿಗೆ ಉಂಟೆಂಬುದನ್ನೂ ಅದೇ ಮಾತು ಹೇಳುತ್ತದೆಯಲ್ಲವೇ? ಬೂದಿಯ ಕೆಳಗಿನ ಕೆಂಡವು ಸಣ್ಣದಾದ ಮಾತ್ರಕ್ಕೆ ಬೆಂಕಿಯಲ್ಲವೆಂದು ಹೇಳಲಾಗದು. ಅಂಗನಲ್ಲಿರುವ ಈ ಅಲ್ಪಶಕ್ತಿಯನ್ನು ಲಿಂಗಮುಖವಾಗಿ ಬೆಳೆಸುವುದೇ ಸಾಧನೆಯಾದುದರಿಂದ, ಅದನ್ನು ಬಳಸದೆ ತುಕ್ಕು ಹಿಡಿಸುವವನು ವಿನಯವಂತನೆನಿಸುವುದಿಲ್ಲ. ಕೈಗೆ ಬಂದ ಪ್ರಸಾದವನ್ನು ಕೆಳಗಿಟ್ಟವನಂತಾಗುತ್ತಾನೆ.

ಎರಡನೆಯ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1790ರಲ್ಲಿ ಪ್ರಕಟಿಸಿದ ತನ್ನ ಮೂರನೆಯ ವಿಮರ್ಶಾಗ್ರಂಥದಲ್ಲಿ, ಪ್ರತಿಭೆಯೆಂಬುದು ಹುಟ್ಟಿನಿಂದ ಬರತಕ್ಕ ವರವೆಂದೂ, ಅದರ ಮೂಲಕ ಪ್ರಕೃತಿಯೇ ಕಲೆಗೆ ನಿಯಮವನ್ನು ವಿಧಿಸುವುದೆಂದೂ, ಅದನ್ನು ಕಲಿಸುವುದಾಗಲಿ ಕಲಿಯುವುದಾಗಲಿ ಸಾಧ್ಯವಿಲ್ಲವೆಂದೂ ಪ್ರತಿಪಾದಿಸಿದನು. ನಾವು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾಲಕ್ಕೆ ಈ ವಾದವು ಬಹಳ ಗಂಭೀರವಾಗಿ ತೋರುತ್ತಿತ್ತು. ಈಗಲೂ ಅದನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ಆಲಂಕಾರಿಕರು ಪ್ರತಿಭೆಯನ್ನು ಒಪ್ಪಿದರೂ ಅದರೊಡನೆ ವ್ಯುತ್ಪತ್ತಿಯನ್ನೂ ಅಭ್ಯಾಸವನ್ನೂ ಸೇರಿಸಿ ಹೇಳಿದರು. ಕವಿರಾಜಮಾರ್ಗಕಾರನಂತೂ ಒಂಬತ್ತನೆಯ ಶತಮಾನದಲ್ಲಿಯೇ, ಈ ನಾಡಿನ ಜನರು ವಿಧಿವತ್ತಾಗಿ ಓದದೆ ಇದ್ದರೂ ಕಾವ್ಯವನ್ನು ಪ್ರಯೋಗಿಸುವುದರಲ್ಲಿ ನುರಿತವರೆಂದು ಅಭಿಮಾನದಿಂದ ಸಾರಿದನು. ಅಭಿಮಾನದ ಮಾತನ್ನು ಪ್ರಮಾಣವೆಂದು ಹಿಡಿಯಬಾರದೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯಾದುದೇ. ಆದರೆ ಆ ಮಾತು ಹುಟ್ಟಿ ಸುಮಾರು ಮುನ್ನೂರು ವರ್ಷಗಳಾದ ಮೇಲೆ ಅದಕ್ಕೆ ಬೇಕಾದ ಪ್ರಮಾಣವನ್ನು ಕಲ್ಯಾಣದ ಶರಣರು ಒದಗಿಸಿಕೊಟ್ಟರು.

ಅಲ್ಲಿ ಮಾತನಾಡಿದವರು ಯಾರೆಂಬುದನ್ನು ನೋಡಿರಿ. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು, ಮೇದಾರ ಕೇತಯ್ಯ ಬಿದಿರಿನ ಬುಟ್ಟಿ ಮೊರಗಳನ್ನು ಹೆಣೆಯುವವನು, ತುರುಗಾಹಿ ರಾಮಣ್ಣ ದನ ಕಾಯುವವನು, ಸುಂಕದ ಬಂಕಣ್ಣ ಸುಂಕದ ಕಟ್ಟೆಯವನು. ಕದಿರ ರೆಮ್ಮವ್ವೆ ನೂಲು ತೆಗೆಯುತ್ತಿದ್ದಳು. ಸತ್ಯಕ್ಕ ಶರಣರ ಮನೆಯಂಗಳವನ್ನು ಗುಡಿಸುತ್ತಿದ್ದಳು. ಮೂವತ್ತಕ್ಕೂ ಮಿಕ್ಕ ಸ್ತ್ರೀಯರ ವಚನಗಳು ನಮಗೆ ದೊರೆತಿವೆ. ಹನ್ನೆರಡನೆಯ ಶತಮಾನದ ಲೋಕದಲ್ಲಿ ಅಂಥದು ಬೇರೆಲ್ಲಿ ಕಂಡುಬಂದೀತು? ಕರ್ನಾಟಕ ಸರಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟವನ್ನು ಮುಂದಿಟ್ಟುಕೊಂಡು ಕುಳಿತರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ: ಈ ಜನರು ತಮ್ಮ ಕಸುಬನ್ನು ಬಿಟ್ಟು ಕವಿಗಳಾಗಲು ಹೋಗಲಿಲ್ಲ. ರೆಮ್ಮವ್ವೆಯ ಮಾತು ರಾಟೆಯಿಂದಲೇ ಹೊರಡುತ್ತದೆ. ಬಂಕಣ್ಣನಿಗೆ ಸುಂಕದ ಲೆಕ್ಕವೇ ತತ್ತ್ವದ ಭಾಷೆಯಾಗುತ್ತದೆ. ವೈದ್ಯ ಸಂಗಣ್ಣನು ರೋಗ, ಔಷಧ, ಪಥ್ಯಗಳನ್ನು ಬಿಟ್ಟು ಮಾತನಾಡುವುದೇ ಅಪರೂಪ. ಕೊಟ್ಟಣದ ಸೋಮವ್ವೆಯ ಹೆಸರಿನಲ್ಲಿ ಉಳಿದಿರುವುದು ಒಂದೇ ಒಂದು ವಚನ. ಭತ್ತ ಕುಟ್ಟುವಾಗ ಹದ ತಪ್ಪಿದರೆ ಕೈಗೆ ಬರುವುದೇನೆಂಬ ಪ್ರತಿದಿನದ ಅನುಭವದಿಂದಲೇ ಆಕೆ ವ್ರತದ ವಿಚಾರವನ್ನು ಎತ್ತುತ್ತಾಳೆ. ಇದನ್ನು ರಾಜಾಸ್ಥಾನದ ಯಾವ ಪಂಡಿತನೂ ಹೇಳಲಾರನು, ಏಕೆಂದರೆ ಅವನು ಒನಕೆ ಹಿಡಿದವನಲ್ಲ. ಕಾಂಟನು ಹೇಳುವ ಪ್ರತಿಭೆಯು ವಿರಳವೇ ಇರಬಹುದು. ಆದರೆ ತಾನು ದಿನವೂ ಮಾಡುವ ಕೆಲಸವನ್ನು ಕಣ್ಣುತೆರೆದು ನೋಡಿ, ಅದರಲ್ಲಿ ಕಂಡುದನ್ನು ತನ್ನದೇ ರೀತಿಯಲ್ಲಿ ಹೊರಗಿಡುವ ಶಕ್ತಿಯು ವಿರಳವಲ್ಲವೆಂಬುದಕ್ಕೆ ಈ ಸಂಪುಟಗಳು ಸಾಕ್ಷಿ.

ಹಾಗಾದರೆ ಮೂರನೆಯ ಪ್ರಶ್ನೆ. ಒನಕೆ ಹಿಡಿದ ಹೆಂಗಳೆಯರು ಸೋಮವ್ವೆಗಿಂತ ಮುಂಚೆಯೂ ಇದ್ದರು, ಆಮೇಲೂ ಇದ್ದರು. ಅವರೆಲ್ಲರ ಮಾತು ಎಲ್ಲಿಗೆ ಹೋಯಿತು? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಒಂದೇ: ಅವರಿಗೆ ಕೇಳುವ ಕಿವಿಗಳಿರಲಿಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ರಚಿಸುವವನದು ಕಾರಯಿತ್ರೀ ಪ್ರತಿಭೆ. ಕೇಳಿ ಭಾವಿಸುವವನದು ಭಾವಯಿತ್ರೀ ಪ್ರತಿಭೆ. ಕೇಳುವುದೂ ಒಂದು ಪ್ರತಿಭೆಯೆಂಬ ಈ ಮಾತನ್ನು ನಾವು ಸಾಕಷ್ಟು ಮನನ ಮಾಡಿಲ್ಲ. ಮೊದಲನೆಯದು ಬೀಜವಾದರೆ ಎರಡನೆಯದು ಮಣ್ಣು. ಬೀಜವೆಷ್ಟೇ ಒಳ್ಳೆಯದಾದರೂ ಬಂಡೆಯ ಮೇಲೆ ಬಿದ್ದರೆ ಅದು ಹಕ್ಕಿಯ ಪಾಲು. ಕಲ್ಯಾಣದ ಮಹತ್ತ್ವವನ್ನು ಹೇಳುವಾಗ ನಾವು ಅಲ್ಲಿ ಮಾತನಾಡಿದವರನ್ನು ಕೊಂಡಾಡುತ್ತೇವೆ. ಅಲ್ಲಿ ಕೇಳಿದವರನ್ನು ಮರೆಯುತ್ತೇವೆ. ಅನುಭವ ಮಂಟಪವು ಕಲ್ಲಿನ ಕಟ್ಟಡವಾಗಿತ್ತೋ ಅಥವಾ ಶರಣರು ಕೂಡಿದಲ್ಲೆಲ್ಲ ಮಂಟಪವಿತ್ತೋ ಎಂಬ ಸಂಶೋಧಕರ ಚರ್ಚೆ ನಡೆಯುತ್ತಿರಲಿ. ಒಬ್ಬರ ಮಾತನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುವ ಗೋಷ್ಠಿಯೊಂದು ಇದ್ದಿತೆಂಬುದಕ್ಕೆ ವಚನಗಳೇ ಆಧಾರ. ಒಬ್ಬ ಶರಣನ ವಚನದಲ್ಲಿ ಇನ್ನೆಷ್ಟು ಶರಣರ ಹೆಸರುಗಳು ಬರುತ್ತವೆಂಬುದನ್ನು ಎಣಿಸಿ ನೋಡಿದರೆ ಸಾಕು.

ಇಲ್ಲಿ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ, ಮತ್ತು ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಬೆಂಬಲವೆಂದರೇನು? ಬೆನ್ನು ತಟ್ಟುವುದು, ಚಪ್ಪಾಳೆ ಹೊಡೆಯುವುದು, ಎಲ್ಲವೂ ಚೆನ್ನಾಗಿದೆಯೆನ್ನುವುದು ಬೆಂಬಲವೆಂದು ಇಂದು ಬಹುಜನರು ತಿಳಿದಿದ್ದಾರೆ. ಕಲ್ಯಾಣದ ಗೋಷ್ಠಿಯು ಹಾಗೆ ನಡೆದುಕೊಂಡಿತೇ? ಶೂನ್ಯಸಂಪಾದನೆಯನ್ನು ಓದಿದವರು ಹಾಗೆ ಹೇಳಲಾರರು. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲಿಸಿದ ಈ ಗ್ರಂಥವು, ಚದುರಿದ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿದ ಕೃತಿಯೇ ಹೊರತು ನಡೆದ ಸಂಭಾಷಣೆಯ ವರದಿಯಲ್ಲ. ಆದರೂ ಶರಣರ ಕೂಟವನ್ನು ಪರಂಪರೆಯು ಹೇಗೆ ನೆನಪಿಟ್ಟುಕೊಂಡಿತೆಂಬುದಕ್ಕೆ ಅದು ಕನ್ನಡಿ. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸುತ್ತ, ಗುಡಿಗಳನ್ನು ನಿಲ್ಲಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದನು. ಅದಕ್ಕಿಂತ ದೊಡ್ಡ ಸೃಷ್ಟಿಕಾರ್ಯ ಯಾವುದು? ಸೊಲ್ಲಾಪುರದ ಆ ಕೆರೆಯು ಇಂದಿಗೂ ಇದೆ. ಅಲ್ಲಿಗೆ ಬಂದ ಅಲ್ಲಮಪ್ರಭುವು ಅವನನ್ನು ಹೊಗಳಲಿಲ್ಲ. ಕಲ್ಲುಮಣ್ಣಿನ ಕೆಲಸಗಾರನೆಂದು ಕರೆದು ಕೆಣಕಿದನು, ಕೆರೆಯ ಕೆಲಸದ ಜನರು ಸಿಟ್ಟಿಗೆದ್ದರು, ಸಿದ್ಧರಾಮನೂ ಕೆರಳಿದನು. ಆದರೆ ಕೆಣಕಿದವನು ಬಿಟ್ಟುಹೋಗಲಿಲ್ಲವೆಂಬುದನ್ನು ಗಮನಿಸಬೇಕು. ಮಾತಿಗೆ ಮಾತು ಕೊಟ್ಟು, 'ನಾನು ಮಾಡಿದೆ'ನೆಂಬುದು ಕೆರೆಯ ಏರಿಗಿಂತ ಎತ್ತರವಾಗಿ ಬೆಳೆದಿರುವುದನ್ನು ತೋರಿಸಿ, ಜೊತೆಯಲ್ಲಿಯೇ ಕಲ್ಯಾಣಕ್ಕೆ ಕರೆದೊಯ್ದನು. ಅಲ್ಲಿ ಚೆನ್ನಬಸವಣ್ಣನು ದೀಕ್ಷೆಯನ್ನಿತ್ತನು. ಕೆಣಕುವುದು ಸುಲಭ, ಕರೆದೊಯ್ಯುವುದು ಕಷ್ಟ. ಎರಡನ್ನೂ ಮಾಡಬಲ್ಲವನೇ ನಿಜವಾದ ಸಂಗಾತಿ.

ಇದೇ ಕೆಲಸವು ಗುಡಿಸಲಿನಲ್ಲಿಯೂ ನಡೆಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಷ್ಟು ನಮಗೆ ಬೇಡವೆಂದೂ ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿಬರಬೇಕೆಂದೂ ಹೇಳಿದವಳು ಅವನ ಮಡದಿ ಲಕ್ಕಮ್ಮ. ಮಾತಿನ ಚರ್ಚೆಯಲ್ಲಿ ಕಾಲ ಕಳೆಯುತ್ತಿದ್ದ ಪತಿಗೆ ಅವನ ಕಾಯಕವನ್ನು ನೆನಪಿಸಿದವಳೂ ಅವಳೇ. ಕಾಯಕವನ್ನು ಕುರಿತ ಆ ಲೋಕಪ್ರಸಿದ್ಧ ಮಾತನ್ನು ಬಹುಮಂದಿ ಬಸವಣ್ಣನವರದೆಂದು ಭಾಷಣಗಳಲ್ಲಿ ಹೇಳುತ್ತಾರೆ; ಅದು ಇರುವುದು ಈ ಮಾರಯ್ಯನ ವಚನದಲ್ಲಿ. ಅಂತಹ ಮಾತನ್ನು ಆಡಿದವನಿಗೂ ಎಚ್ಚರಿಸುವವರು ಬೇಕಾದರು! ಲಕ್ಕಮ್ಮನ ಅಂಕಿತದಲ್ಲಿ ಪತಿಯ ಹೆಸರೂ ಸೇರಿಕೊಂಡಿದೆ. ಗಂಡನನ್ನು ತಿದ್ದಿದವಳು ಗಂಡನ ಹೆಸರನ್ನು ತನ್ನ ಮಾತಿನ ಕೊನೆಯಲ್ಲಿ ಕೂರಿಸಿಕೊಂಡುದರಲ್ಲಿ ಎಷ್ಟೊಂದು ಪ್ರೀತಿಯಿದೆ!

ಅಂಕಿತದ ಮಾತು ಬಂದುದರಿಂದ ಒಂದೆರಡು ವಾಕ್ಯಗಳನ್ನು ಹೇಳಿ ಮುಂದುವರಿಯುತ್ತೇವೆ. ಮನೆಮನೆಯಲ್ಲಿ ಸೃಷ್ಟಿಶೀಲತೆಯನ್ನು ಬೆಳೆಸಿದರೆ ಮನೆಮನೆಯಲ್ಲಿ ಅಹಂಕಾರವೂ ಬೆಳೆಯದೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಶಂಕೆ ಯುಕ್ತವಾದುದು. ಶರಣರು ಇದಕ್ಕೆ ಕಂಡುಕೊಂಡ ಉಪಾಯವೇ ಅಂಕಿತ. ತಾನು ಕಷ್ಟಪಟ್ಟು ಕಟ್ಟಿದ ಮಾತನ್ನು ಕೊನೆಯ ಗಳಿಗೆಯಲ್ಲಿ ಇಷ್ಟದೈವದ ಹೆಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಕ್ರಮವಿದು. ಅಂಬಿಗರ ಚೌಡಯ್ಯನು ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಅವನನ್ನು ಗೋಷ್ಠಿಯು ಹೊರಗಿಡಲಿಲ್ಲ. ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಎರಕ ಹೊಯ್ಯುವ ಹಟ ಅವರಿಗಿರಲಿಲ್ಲವೆಂದು ತೋರುತ್ತದೆ.

ಕಲ್ಯಾಣದ ಕಥೆಯು ಎಂಟುನೂರು ವರ್ಷಗಳ ಹಿಂದಿನದು, ಆ ಕಾಲ ಮರಳಿ ಬಾರದೆಂದು ನಿಟ್ಟುಸಿರು ಬಿಡುವವರಿಗೆ ತೀರ ಹತ್ತಿರದ ನಿದರ್ಶನವೊಂದುಂಟು. ಹಿಂದೆ ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾಗಿ ಕುಳಿತು ನಸುಕಿನಲ್ಲಿ ಬೀಸುತ್ತಿದ್ದರು. ಒಬ್ಬಳು ನುಡಿ ಎತ್ತಿಕೊಟ್ಟರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದುವರಿಸುವಳು. ತವರಿನ ಹಂಬಲ, ಅಣ್ಣತಮ್ಮಂದಿರ ನೆನಪು, ಅತ್ತೆಯ ಮನೆಯ ಸಂಕಟ, ಶ್ರೀಶೈಲದ ಮಲ್ಲಯ್ಯನ ಭಕ್ತಿ, ಎಲ್ಲವೂ ತ್ರಿಪದಿಯಾಗಿ ಹಿಟ್ಟಿನೊಡನೆ ಉದುರುತ್ತಿದ್ದವು. ಹೆಸರು ಬೇಕೆಂದು ಹಾಡಿದವರು ಅವರಲ್ಲ. ಹೆಸರು ಉಳಿಯಲೂ ಇಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ ಆ ಹಾಡುಗಳಿಗೆ ಕಿವಿಗೊಟ್ಟರು. 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವು ಆ ಗೆಳೆಯರಿಂದ ಹೊರಬಂದಿತು. ಹಳ್ಳಿಯ ನಾಲ್ಕು ಜನ ಗೆಳೆಯರು ಒಬ್ಬರಿಗೊಬ್ಬರು ಓದಿ ಹೇಳುತ್ತ, ತಿದ್ದುತ್ತ, ಧ್ಯಾನಕ್ಕೆ ಕುಳಿತುಕೊಳ್ಳುತ್ತ ತಾವೂ ಬೆಳೆದರು. ತಮ್ಮ ತಾಯಂದಿರ ಹಾಡಿಗೂ ಮಾನ ತಂದರು. ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದಕ್ಕಾಗಿ ನಾವು ಅಳುವುದಿಲ್ಲ. ತಾಯಂದಿರ ರಟ್ಟೆಯ ನೋವು ನಿಂತುದು ಶಿವಾನುಗ್ರಹವೆಂದೇ ನಮ್ಮ ಭಾವನೆ. ಆದರೆ ಕಲ್ಲಿನ ಆಚೆ ಬದಿಗೆ ಕುಳಿತು ನುಡಿಯನ್ನು ಹಿಡಿದುಕೊಳ್ಳುತ್ತಿದ್ದ ಆ ಇನ್ನೊಬ್ಬಳೂ ಎದ್ದುಹೋದಳು. ಆ ಜಾಗಕ್ಕೆ ಯಾರು ಬಂದು ಕುಳಿತಿದ್ದಾರೆ?

ಬೆಳಗಾದರೆ ನಮ್ಮ ಭಕ್ತರ ಮೊಬೈಲುಗಳಲ್ಲಿ ಹೂವಿನ ಚಿತ್ರದೊಡನೆ ವಚನಗಳು ಬರುತ್ತವೆ; ಬಂದಷ್ಟೇ ವೇಗದಲ್ಲಿ ಮುಂದಕ್ಕೆ ಹೋಗುತ್ತವೆ. ಕಳುಹಿಸಿದವರು ಓದಿದರೋ ಇಲ್ಲವೋ ಶಿವನೇ ಬಲ್ಲ. ಮಠಗಳ ಶಿವಾನುಭವ ಗೋಷ್ಠಿಗಳೂ ಬಹುಮಟ್ಟಿಗೆ ಉಪನ್ಯಾಸಗಳಾಗಿವೆ. ಒಬ್ಬರು ಮಾತನಾಡುತ್ತಾರೆ, ನೂರು ಜನ ಕೇಳುತ್ತಾರೆ, ವಂದನಾರ್ಪಣೆಯಾದ ಮೇಲೆ ಪ್ರಸಾದಕ್ಕೆ ಏಳುತ್ತಾರೆ. ಉಪನ್ಯಾಸವು ಬೇಡವೆಂದು ನಾವು ಹೇಳುತ್ತಿಲ್ಲ; ನಾವೇ ಎಷ್ಟೋ ಉಪನ್ಯಾಸಗಳನ್ನು ಮಾಡಿದವರು. ಆದರೆ ಶರಣರ ವಚನವನ್ನು ನೂರು ಸಲ ಕೇಳಿಯೂ ತನ್ನದೊಂದು ಮಾತು ಹುಟ್ಟದಿದ್ದರೆ, ಆ ಕೇಳುವಿಕೆಯು ಎಲ್ಲಿಯೋ ಕುಂಟಿದೆಯೆಂದೇ ತಿಳಿಯಬೇಕು.

ಈ ವಿಚಾರದಿಂದಲೇ ನಮ್ಮ ಮಠದ ಮಾಸಿಕ ಗೋಷ್ಠಿಯಲ್ಲಿ ಕೆಲವು ಕಾಲದಿಂದ ಒಂದು ಮಾರ್ಪಾಡನ್ನು ಮಾಡಿಕೊಂಡಿದ್ದೇವೆ. ಉಪನ್ಯಾಸವು ಅರ್ಧ ಗಂಟೆ ಮಾತ್ರ. ಅನಂತರ ಭಕ್ತರು ಹತ್ತು ಹನ್ನೆರಡು ಮಂದಿಯಂತೆ ಜಮಖಾನದ ಮೇಲೆ ಸುತ್ತುಗಟ್ಟಿ ಕುಳಿತುಕೊಳ್ಳುತ್ತಾರೆ. ಆ ತಿಂಗಳಲ್ಲಿ ತನ್ನ ಕಾಯಕದಲ್ಲಿ ಅಥವಾ ಮನೆಯಲ್ಲಿ ತಾನಾಗಿ ಮಾಡಿದ ಒಂದನ್ನು, ಅದು ಎಷ್ಟೇ ಸಣ್ಣದಿರಲಿ, ತಂದು ತೋರಿಸಬೇಕು ಅಥವಾ ಹೇಳಬೇಕು. ಉಳಿದವರು ಮೊದಲು ಪ್ರಶ್ನೆಗಳನ್ನು ಕೇಳಬೇಕು. ಆಮೇಲೆ ಬೇಕಾದರೆ ಅಭಿಪ್ರಾಯ. ಒಬ್ಬ ತಾಯಿ ತಾವು ಹೊಲಿದ ಕೌದಿಯನ್ನು ತಂದು ಹಾಸಿದರು. ಹಳೆಯ ಧೋತರ, ಹರಿದ ಸೀರೆ, ಮೊಮ್ಮಗಳ ಲಂಗದ ತುಂಡುಗಳನ್ನು ಜೋಡಿಸಿದ ಕೌದಿ. ಈ ಕೆಂಪು ತುಂಡನ್ನು ನಡುವೆ ಏಕೆ ಇಟ್ಟಿರೆಂದು ಒಬ್ಬರು ಕೇಳಿದರು. ನಲವತ್ತು ವರ್ಷಗಳಿಂದ ಕೌದಿ ಹೊಲಿಯುತ್ತಿದ್ದರೂ ಹಾಗೆಂದು ಯಾರೂ ತಮ್ಮನ್ನು ಕೇಳಿರಲಿಲ್ಲವೆಂದು ಹೇಳಿ ಆಕೆ ಸುಮ್ಮನಾದರು. ಮುಂದಿನ ತಿಂಗಳು ಬಂದು ಉತ್ತರ ಹೇಳಿದರು. ಒಬ್ಬ ರೈತರು ತಮ್ಮ ಕಾಲುವೆಯ ಬಾಯನ್ನು ಸ್ವಲ್ಪ ಬದಲಿಸಿ, ಕೊನೆಯ ಹೊಲದವನಿಗೂ ನೀರು ತಲುಪುವಂತೆ ಮಾಡಿದ ಬಗೆಯನ್ನು ನೆಲದ ಮೇಲೆ ಗೆರೆ ಎಳೆದು ವಿವರಿಸಿದರು. ಕಚೇರಿಯ ಗುಮಾಸ್ತರೊಬ್ಬರು, ಹಳ್ಳಿಯವರಿಗೆ ತಿಳಿಯದಿದ್ದ ಅರ್ಜಿಯ ಸೂಚನೆಗಳನ್ನು ಸರಳವಾದ ಕನ್ನಡದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿದುದನ್ನು ತಿಳಿಸಿದರು. ಇವುಗಳಲ್ಲಿ ಯಾವುದೂ ಪ್ರಶಸ್ತಿಗೆ ಹೋಗುವಂಥದಲ್ಲ. ಆದರೆ ಗುಮಾಸ್ತರು ಆ ಮೇಲೆ ಅರ್ಜಿದಾರರ ಮುಖವನ್ನು ನೋಡಿ ಮಾತನಾಡಲಾರಂಭಿಸಿದರೆಂದು ಅವರ ಊರಿನವರೇ ನಮಗೆ ಹೇಳಿದರು.

ಎಲ್ಲವೂ ಸುಗಮವಾಗಿ ನಡೆಯಿತೆಂದು ಭಾವಿಸಬೇಡಿರಿ. ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನು ಒಂದು ಕವಿತೆಯನ್ನು ಓದಿದನು. ಚಂದ್ರ, ತಾವರೆ, ವೀಣೆ ಎಲ್ಲವೂ ಅದರಲ್ಲಿದ್ದವು. ಚಪ್ಪಾಳೆಯೂ ಬಿದ್ದಿತು. ಅಡತಿಯಂಗಡಿಯಲ್ಲಿ ಹಮಾಲಿ ಮಾಡುವ ಹಿರಿಯರೊಬ್ಬರು, "ತಮ್ಮಾ, ಎಲ್ಲಾ ಚಲೋ ಐತಿ. ಆದರ ಇದರಾಗ ನೀ ಎಲ್ಲಿ ಅದೀ?" ಎಂದು ಕೇಳಿದರು. ಹುಡುಗನ ಮುಖ ಬಾಡಿತು. ಎರಡು ತಿಂಗಳು ಅವನು ಬರಲಿಲ್ಲ. ಹಿರಿಯರು ಹಾಗೆ ಕೇಳಬಾರದಿತ್ತೆಂದು ಕೆಲವರು ನಮ್ಮಲ್ಲಿ ದೂರಿಕೊಂಡರು. ಆ ಹಿರಿಯರು ಮಾತ್ರ ಹುಡುಗನ ಮನೆಗೆ ಎರಡು ಸಲ ಹೋಗಿಬಂದರೆಂಬುದು ನಮಗೆ ತಡವಾಗಿ ತಿಳಿಯಿತು. ಮೂರನೆಯ ತಿಂಗಳು ಹುಡುಗನು ತಂದೆಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನು ಕುರಿತು ಆರೇಳು ಸಾಲುಗಳನ್ನು ಬರೆದು ತಂದನು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಪುಸ್ತಕದಲ್ಲಿ ತಮ್ಮ ಹೆಸರಿದ್ದ ಇಬ್ಬರು ಅಲ್ಲಿಯೇ ಕುಳಿತಿದ್ದರು! ಹಿರಿಯರ ಪ್ರಶ್ನೆಯು ಕಠೋರವಾಗಿತ್ತೇ? ಮನೆಗೆ ಹೋಗದಿದ್ದರೆ ಕಠೋರವಾಗುತ್ತಿತ್ತೆಂದು ನಮ್ಮ ಅಭಿಮತ. ಸಂಗಕ್ಕೆ ಸತ್ಯವನ್ನು ಹೇಳುವ ಅಧಿಕಾರವು ಬರುವುದು ಜೊತೆಗಿರುವ ಹೊಣೆಯನ್ನು ಹೊತ್ತಾಗ. ಆ ಹೊಣೆಯನ್ನು ಹೊರದವನ ಟೀಕೆಯು ಹಿಂಸೆ; ಸತ್ಯವನ್ನು ಹೇಳಲು ಅಳುಕುವವನ ಹೊಗಳಿಕೆಯು, ಬಹುಶಃ, ಅದಕ್ಕಿಂತ ನಯವಾದ ಹಿಂಸೆ.

ಮಠದ ಪ್ರಸಾದನಿಲಯಗಳಲ್ಲಿ ಬೆಳೆದು ಇಂದು ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಕೈಬರಹದ ಪತ್ರಿಕೆಯ ನೆನಪಿರಬಹುದು. ಅಂದವಾದ ಅಕ್ಷರದವನು ಬರೆಯುವನು, ಚಿತ್ರ ಬರುವವನು ಮುಖಪುಟ ಬಿಡಿಸುವನು, ಉಳಿದವರು ಕಥೆ, ಒಗಟು, ಊರಿನ ಸುದ್ದಿ ಕೊಡುವರು. ಇದ್ದ ಒಂದೇ ಪ್ರತಿಯು ಕೈಯಿಂದ ಕೈಗೆ ಹೋಗಿ ಅಂಚು ಸವೆದುಹೋಗುತ್ತಿತ್ತು. ಉದ್ಯೋಗಕ್ಕೆ ಸೇರಿದ ಮೇಲೆ ಆ ಕೈಗಳು ಸಹಿ ಮಾಡುವುದಕ್ಕಷ್ಟೇ ಉಳಿದವೆಂದು ಕೆಲವರು ನಮಗೆ ಪತ್ರ ಬರೆದಿದ್ದಾರೆ. ಅವರಿಗೆ ನಮ್ಮ ಸೂಚನೆ ಇಷ್ಟೇ. ಮಠವಿರುವ ಊರೇ ಬೇಕೆಂದಿಲ್ಲ. ಐದು ಜನ ಸಾಕು. ಮನೆಯವರನ್ನೂ ಮಕ್ಕಳನ್ನೂ ಕೂಡಿಸಿಕೊಳ್ಳಿರಿ. ಅಡುಗೆಮನೆಯಿಂದ ಬಂದವರ ಮಾತನ್ನು ಕೊನೆಗೆ ಇಡಬೇಡಿರಿ. ಲಿಂಗಪೂಜೆಯಾದ ಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತುಕೊಳ್ಳಿರಿ. ಮೊದಲನೆಯ ಸಲ ಯಾರೂ ಏನನ್ನೂ ತರಲಿಕ್ಕಿಲ್ಲ, ಬಹಳ ಹೊತ್ತು ಯಾರೂ ಮಾತನಾಡಲಿಕ್ಕಿಲ್ಲ. ಆ ಮೌನಕ್ಕೆ ಅಂಜಿ ಯಾರಾದರೊಬ್ಬರನ್ನು ಉಪನ್ಯಾಸಕ್ಕೆ ನಿಲ್ಲಿಸಬೇಡಿರಿ.